ಕೆಂಪು ಬಂದರೆ ನಂಬುವಂತಿರಬೇಕು

ದೊಡ್ಡ ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟ್ ಎಂಜಿನಿಯರ್ ಅಂದರೆ ಯಾರೋ ಬರೆದ ಪ್ರೋಗ್ರಾಮನ್ನು ಮುಂದಿಟ್ಟುಕೊಂಡು ಗುಂಡಿ ಒತ್ತಿ ಒತ್ತಿ ತಪ್ಪು ಹುಡುಕುವವರು ಎಂದು ಹೊರಗಿನವರು ತಿಳಿದಿರುತ್ತಾರೆ. ಆ ಕೆಲಸವೂ ಇದೆ, ಅದಕ್ಕೆ ಬೇಕಾದ ಕಣ್ಣು ಎಲ್ಲರಿಗೂ ಇರುವುದಿಲ್ಲ. ಆದರೆ ದಿನಕ್ಕೆ ಸಾವಿರಾರು ಬದಲಾವಣೆಗಳು ಕೋಡಿಗೆ ಸೇರುವ ಕಡೆ ಹೆಚ್ಚು ಹೊತ್ತು ಹೋಗುವುದು ಬೇರೊಂದಕ್ಕೆ. ಪ್ರತಿ ಬದಲಾವಣೆ ಬಂದಾಗಲೂ ಯಂತ್ರಗಳು ತಾವಾಗಿಯೇ ನೂರಾರು, ಕೆಲವೊಮ್ಮೆ ಸಾವಿರಾರು ಟೆಸ್ಟ್ (ಕೋಡ್ ಸರಿಯಿದೆಯೇ ಎಂದು ನೋಡುವ ಪ್ರೋಗ್ರಾಮುಗಳು) ಓಡಿಸುತ್ತವೆ. ಕೊನೆಗೆ ಕಾಣುವುದು ಎರಡೇ ಬಣ್ಣ. ಹಸಿರಾದರೆ ಕೋಡ್ ಒಳಗೆ, ಕೆಂಪಾದರೆ ಅಲ್ಲೇ ನಿಲ್ಲಬೇಕು. ಆ ಕೆಂಪನ್ನು ಕಂಡ ಡೆವಲಪರ್ ಲಾಗ್ (ಓಟದಲ್ಲಿ ಏನಾಯಿತೆಂದು ಯಂತ್ರ ಬರೆದಿಟ್ಟ ದಾಖಲೆ) ತೆರೆದು ಓದುತ್ತಾರೋ, ಇಲ್ಲ "ಅದು ಯಾವಾಗ್ಲೂ ಹಾಗೇ, ಇನ್ನೊಂದ್ಸಲ ರನ್ ಮಾಡಿ" ಅನ್ನುತ್ತಾರೋ ಎಂಬುದರ ಮೇಲೆ ಇಡೀ ವ್ಯವಸ್ಥೆ ನಿಂತಿದೆ. ಕೆಂಪಿಗೂ ಹಸಿರಿಗೂ ಬೆಲೆ ಉಳಿಯುವಂತೆ ನೋಡಿಕೊಳ್ಳುವುದೇ ಟೆಸ್ಟ್ ಎಂಜಿನಿಯರ್‌ನ ನಿಜವಾದ ಕೆಲಸ ಎಂದು ನಾನು ನಂಬುತ್ತೇನೆ. ಈ ಬರಹ ಅದನ್ನು ಮಾಡುವ ಬಗೆಯ ಕುರಿತು.

ಹುದ್ದೆಯ ಹೆಸರು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಮೈಕ್ರೋಸಾಫ್ಟ್‌ನಲ್ಲಿ ಬಹುಕಾಲ ಎಸ್‌ಡಿಇಟಿ ಎಂಬ, ಟೆಸ್ಟಿಗೆಂದೇ ಕೋಡ್ ಬರೆಯುವವರ ಪ್ರತ್ಯೇಕ ಹುದ್ದೆಯಿತ್ತು. 2014ರ ಸುಮಾರಿಗೆ ಅದನ್ನು ಡೆವಲಪರ್ ಹುದ್ದೆಯೊಂದಿಗೆ ಒಂದಾಗಿಸಿದರು. ಹಲವು ಕಡೆ ಈಗ ಕೋಡ್ ಬರೆದವರೇ ಅದರ ಟೆಸ್ಟನ್ನೂ ಬರೆಯುತ್ತಾರೆ. ಹಾಗಾದರೆ ಟೆಸ್ಟ್ ಎಂಜಿನಿಯರ್ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ತನ್ನ ಕೋಡಿನ ಟೆಸ್ಟನ್ನು ಡೆವಲಪರ್ ಚೆನ್ನಾಗಿಯೇ ಬರೆಯಬಲ್ಲರು. ಆದರೆ 40 ತಂಡಗಳು ಬರೆದ ಟೆಸ್ಟುಗಳು ಒಂದೇ ಸರತಿಯಲ್ಲಿ ಓಡುವಾಗ ಆ ಸರತಿ ಯಾರ ಸ್ವತ್ತೂ ಆಗಿರುವುದಿಲ್ಲ. ಅದನ್ನು ತನ್ನದು ಅಂದುಕೊಳ್ಳುವ ಒಬ್ಬರು ಬೇಕೇ ಬೇಕು.

ಮೊದಲು ಒಂದು ಲೆಕ್ಕ. ನಿಮ್ಮ ಬಳಿ 1000 ಟೆಸ್ಟ್ ಇವೆ. ಪ್ರತಿಯೊಂದೂ ತುಂಬ ಒಳ್ಳೆಯದೇ. ಕೋಡಿನಲ್ಲಿ ತಪ್ಪಿಲ್ಲದಿದ್ದರೂ ಸುಮ್ಮನೆ ಫೇಲ್ ಆಗುವುದು ಸಾವಿರಕ್ಕೆ ಒಂದು ಸಲ ಮಾತ್ರ. ಹಾಗಿದ್ದರೂ ಸಾವಿರವೂ ಒಟ್ಟಿಗೆ ಪಾಸ್ ಆಗುವ ಸಾಧ್ಯತೆ 0.999ರ ಸಾವಿರನೇ ಘಾತ, ಅಂದರೆ ಸುಮಾರು ಶೇ 37. ಉಳಿದ ಶೇ 63 ಸಲ ಎಲ್ಲೋ ಒಂದು ಕಡೆ ಕಾರಣವಿಲ್ಲದ ಕೆಂಪು. ಹೀಗೆ ಅದೇ ಕೋಡಿಗೆ ಒಮ್ಮೆ ಪಾಸ್, ಒಮ್ಮೆ ಫೇಲ್ ಅನ್ನುವ ಟೆಸ್ಟನ್ನು ಎಲ್ಲರೂ ಫ್ಲೇಕಿ ಎಂದೇ ಕರೆಯುತ್ತಾರೆ. 2016ರಲ್ಲಿ ಗೂಗಲ್‌ನ ಎಂಜಿನಿಯರುಗಳು ತಮ್ಮ ಅಂಕಿಗಳನ್ನು ಬಹಿರಂಗವಾಗಿ ಬರೆದಿದ್ದರು: ಅಲ್ಲಿನ ಟೆಸ್ಟುಗಳಲ್ಲಿ ಹತ್ತಿರ ಹತ್ತಿರ ಶೇ 16ರಲ್ಲಿ ಸ್ವಲ್ಪವಾದರೂ ಈ ಗುಣವಿತ್ತು, ಮತ್ತು ಪಾಸ್ ಆಗುತ್ತಿದ್ದದ್ದು ಫೇಲ್‌ಗೆ ತಿರುಗಿದ ಸಂದರ್ಭಗಳಲ್ಲಿ ಶೇ 84ರಲ್ಲಿ ಒಂದಲ್ಲ ಒಂದು ಫ್ಲೇಕಿ ಟೆಸ್ಟಿನ ಕೈಯಿತ್ತು. ಅಷ್ಟು ಸಂಪನ್ಮೂಲ ಇರುವ ಕಡೆಯೇ ಹೀಗಿದ್ದರೆ, ಕೆಂಪು ಕಂಡಾಗ ಮೊದಲು ಟೆಸ್ಟನ್ನೇ ಅನುಮಾನಿಸುವ ಡೆವಲಪರ್ ಸೋಮಾರಿ ಎನ್ನಲಾಗದು. ಅವರು ಕಂಡ ಲೆಕ್ಕದ ಪ್ರಕಾರ ಅದು ಸರಿಯಾದ ಊಹೆಯೇ.

ಇದಕ್ಕೆ ಎಲ್ಲರೂ ಮೊದಲು ಹಚ್ಚುವ ಮದ್ದು ರೀರನ್. ಫೇಲ್ ಆದದ್ದನ್ನು ತಾನಾಗಿಯೇ ಮೂರು ಸಲ ಓಡಿಸು, ಒಂದು ಸಲ ಪಾಸ್ ಆದರೂ ಹಸಿರು ಎನ್ನು. ಸರತಿ ತಕ್ಷಣ ಸರಾಗವಾಗುತ್ತದೆ, ಮ್ಯಾನೇಜರ್‌ಗೂ ನೆಮ್ಮದಿ. ಆದರೆ ಇದೇ ಲೆಕ್ಕ ನಿಜವಾದ ದೋಷಕ್ಕೂ ಅನ್ವಯಿಸುತ್ತದೆ ಎಂಬುದನ್ನು ಮರೆಯುತ್ತೇವೆ. ಎರಡು ಥ್ರೆಡ್‌ಗಳು (ಪ್ರೋಗ್ರಾಮಿನೊಳಗೆ ಏಕಕಾಲಕ್ಕೆ ಓಡುವ ಕೆಲಸದ ಎಳೆಗಳು) ಒಂದೇ ಡೇಟಾಕ್ಕೆ ಕೈಹಾಕುವುದರಿಂದ ಹತ್ತಕ್ಕೊಂದು ಸಲ ಕಾಣಿಸುವ ತಪ್ಪು ಕೋಡಿನಲ್ಲಿದೆ ಅಂದುಕೊಳ್ಳಿ. ಒಂದೇ ಸಲ ಓಡಿಸಿದರೆ ಅದು ಸಿಕ್ಕಿಬೀಳುವ ಸಾಧ್ಯತೆ ಶೇ 10. ಮೂರರಲ್ಲಿ ಒಂದು ಪಾಸ್ ಸಾಕು ಎಂಬ ನಿಯಮ ಹಾಕಿದರೆ ಅದು ಮೂರೂ ಸಲ ಫೇಲ್ ಆದರಷ್ಟೇ ಕೆಂಪು, ಅಂದರೆ ಸಾವಿರಕ್ಕೊಂದು. ದೋಷ ಹಿಡಿಯುವ ಬಲ ನೂರು ಪಟ್ಟು ಕುಗ್ಗಿತು. ಹಣ ವರ್ಗಾವಣೆಯ ಕೋಡಿನಲ್ಲಿ ಅಂಥ ತಪ್ಪು ಉಳಿದರೆ ದಿನಕ್ಕೆ ಲಕ್ಷಾಂತರ ವಹಿವಾಟು ನಡೆಯುವ ಕಡೆ ಅದು ಪ್ರತಿದಿನವೂ ಯಾರಿಗೋ ತಗಲುತ್ತದೆ. ರೀರನ್ ಇರಲಿ, ಬೇಡವೆನ್ನುವುದಿಲ್ಲ. ಎರಡನೇ ಸಲಕ್ಕೆ ಪಾಸ್ ಆದದ್ದನ್ನು ಹಸಿರು ಎಂದು ಬರೆಯದೆ ಮೂರನೇ ಬಣ್ಣ ಕೊಟ್ಟು ಲೆಕ್ಕ ಇಡಬೇಕು. ಆ ಪಟ್ಟಿಯನ್ನು ವಾರಕ್ಕೊಮ್ಮೆ ಯಾರಾದರೂ ಓದಲೇಬೇಕು.

ಟೆಸ್ಟ್ ಫ್ಲೇಕಿ ಆಗುವುದು ಯಾಕೆ? 2014ರಲ್ಲಿ ಮುಕ್ತ ತಂತ್ರಾಂಶ ಸಂಸ್ಥೆ ಅಪಾಚೆಯ 51 ಯೋಜನೆಗಳಿಂದ, ಫ್ಲೇಕಿ ಟೆಸ್ಟನ್ನು ಸರಿಪಡಿಸಿದ 201 ಬದಲಾವಣೆಗಳನ್ನು ತೆಗೆದು ಸಂಶೋಧಕರು ವರ್ಗೀಕರಿಸಿದ್ದರು. ಮೊದಲ ಮೂರು ಕಾರಣಗಳು: ಇನ್ನೂ ಮುಗಿಯದ ಕೆಲಸಕ್ಕೆ ಸರಿಯಾಗಿ ಕಾಯದಿರುವುದು, ಥ್ರೆಡ್‌ಗಳ ಗೊಂದಲ, ಟೆಸ್ಟುಗಳು ಓಡುವ ಕ್ರಮದ ಮೇಲಿನ ಅವಲಂಬನೆ. ಮೊದಲನೆಯದರ ಪಾಲು ಶೇ 45ರಷ್ಟು. ಭಾಷೆ, ಉಪಕರಣ ಎಷ್ಟೇ ಬದಲಾದರೂ ಈ ಕ್ರಮ ಇವತ್ತಿಗೂ ಹೆಚ್ಚುಕಡಿಮೆ ಹಾಗೆಯೇ ಇದೆ ಅನ್ನಿಸುತ್ತದೆ.

ಕಾಯುವ ವಿಷಯವನ್ನೇ ನೋಡಿ. ಗುಂಡಿ ಒತ್ತಿದ ಮೇಲೆ ಸರ್ವರ್‌ನಿಂದ ಉತ್ತರ ಬರಬೇಕು, ಪರದೆ ಬದಲಾಗಬೇಕು. ಬರೆದವರು ನಡುವೆ 2 ಸೆಕೆಂಡ್ ಸ್ಲೀಪ್, ಅಂದರೆ ಸುಮ್ಮನೆ ನಿಲ್ಲುವ ಆದೇಶ, ಹಾಕಿದ್ದಾರೆ. ಅವರ ಲ್ಯಾಪ್‌ಟಾಪ್‌ನಲ್ಲಿ ಉತ್ತರ 300 ಮಿಲಿಸೆಕೆಂಡಿನಲ್ಲಿ ಬರುತ್ತದೆ. ಟೆಸ್ಟುಗಳನ್ನು ಓಡಿಸುವ ಬಿಲ್ಡ್ ಯಂತ್ರದಲ್ಲಿ ಇನ್ನೂ 20 ಟೆಸ್ಟ್ ಅದೇ ಸಿಪಿಯುಗೆ ಜಗ್ಗಾಡುತ್ತಿರುವಾಗ 2.4 ಸೆಕೆಂಡ್ ಹಿಡಿಯುತ್ತದೆ. ಫೇಲ್. ಯಾರೋ ಬಂದು ಅದನ್ನು 5 ಸೆಕೆಂಡ್ ಮಾಡುತ್ತಾರೆ. ಈಗ ಅಪರೂಪಕ್ಕೆ ಫೇಲ್ ಆಗುತ್ತದೆ, ಪ್ರತಿಸಲವೂ ನಿಧಾನವಾಗುತ್ತದೆ. ಅಂಥ 600 ಸ್ಲೀಪ್ ಸೇರಿದರೆ 50 ನಿಮಿಷ ಬರೀ ನಿದ್ದೆ. ಸರಿಯಾದ ದಾರಿ, ಕಾಯುವುದು ಯಾವುದಕ್ಕೆ ಎಂದು ಹೆಸರಿಟ್ಟು ಬರೆಯುವುದು: ಈ ಗುಂಡಿ ಒತ್ತಲು ಬರುವಂತಾಗುವವರೆಗೆ, ಈ ಸಾಲು ಟೇಬಲ್ಲಿಗೆ ಸೇರುವವರೆಗೆ, ಗರಿಷ್ಠ 30 ಸೆಕೆಂಡ್. ಬ್ರೌಸರ್ ಟೆಸ್ಟಿನ ಉಪಕರಣ ಸೆಲೆನಿಯಂನಲ್ಲಿ ಇದಕ್ಕೆ ಎಕ್ಸ್‌ಪ್ಲಿಸಿಟ್ ವೇಟ್ ಇದೆ, ಆಂಡ್ರಾಯ್ಡ್‌ನ ಟೆಸ್ಟ್ ಉಪಕರಣ ಎಸ್ಪ್ರೆಸ್ಸೊದಲ್ಲಿ ಐಡ್ಲಿಂಗ್ ರಿಸೋರ್ಸ್ ಇದೆ. ಇಂಪ್ಲಿಸಿಟ್ (ಪ್ರತಿ ಹುಡುಕಾಟಕ್ಕೂ ತಾನಾಗಿ ಅನ್ವಯಿಸುವ) ಮತ್ತು ಎಕ್ಸ್‌ಪ್ಲಿಸಿಟ್ ವೇಟ್ ಎರಡನ್ನೂ ಒಂದೇ ಕಡೆ ಬೆರೆಸಬೇಡಿ. ಎಷ್ಟು ಹೊತ್ತು ಕಾಯುತ್ತದೆ ಎಂಬುದು ಊಹೆಗೆ ಸಿಗದಂತಾಗುತ್ತದೆ. ಇನ್ನೊಂದು ಸೂಕ್ಷ್ಮ: "ಲೋಡ್ ಆಗುತ್ತಿದೆ" ಎಂಬ ಚಕ್ರ ಮಾಯವಾಗುವವರೆಗೆ ಕಾಯುವ ಟೆಸ್ಟ್, ಆ ಚಕ್ರ ಇನ್ನೂ ಕಾಣಿಸಿಕೊಳ್ಳುವ ಮೊದಲೇ "ಇಲ್ಲ" ಎಂದುಕೊಂಡು ಮುಂದೆ ಹೋಗಿಬಿಡುತ್ತದೆ. ಇಲ್ಲದಿರುವುದಕ್ಕೆ ಕಾಯುವ ಬದಲು ಬರಬೇಕಾದದ್ದಕ್ಕೆ ಕಾಯಬೇಕು.

ಕ್ರಮದ ಅವಲಂಬನೆ ಹಿಡಿಯುವುದು ಸುಲಭ, ಹಿಡಿಯಲು ಹೊರಡುವವರು ಕಡಿಮೆ. ಒಂದು ಟೆಸ್ಟ್ ಬಳಕೆದಾರನನ್ನು ಸೃಷ್ಟಿಸಿ ಅಳಿಸದೆ ಬಿಡುತ್ತದೆ, ಇನ್ನೊಂದು ಆ ಬಳಕೆದಾರ ಇದ್ದಾನೆ ಎಂದೇ ನಂಬಿ ಓಡುತ್ತದೆ. ವರ್ಷಗಟ್ಟಲೆ ಹಸಿರು. ಒಂದು ದಿನ ಓಟವನ್ನು ಚುರುಕುಗೊಳಿಸಲು ಟೆಸ್ಟುಗಳನ್ನು 8 ಯಂತ್ರಗಳಿಗೆ ಹಂಚುತ್ತಾರೆ, ಎರಡೂ ಬೇರೆ ಬೇರೆ ಕಡೆ ಬೀಳುತ್ತವೆ, ಕೆಂಪು. ಮಾಡಬೇಕಾದದ್ದು ಎರಡು: ರಾತ್ರಿಯ ಓಟದಲ್ಲಿ ಕ್ರಮವನ್ನು ಕಲಸಿ ಓಡಿಸುವುದು, ಕಲಸಲು ಬಳಸಿದ ಸೀಡ್ ಸಂಖ್ಯೆಯನ್ನು (ಅದೇ ಕ್ರಮವನ್ನು ಮತ್ತೆ ತರುವ ಸಂಖ್ಯೆ) ಲಾಗಿನಲ್ಲಿ ಬರೆಯುವುದು. ಸೀಡ್ ಬರೆಯದೆ ಕಲಸಿದರೆ ಮರುದಿನ ಆ ಕ್ರಮ ಮತ್ತೆ ಸಿಗದು, ಹೊಸದೊಂದು ಫ್ಲೇಕಿಯನ್ನು ನಾವೇ ಸೃಷ್ಟಿಸಿದಂತೆ.

ಗಡಿಯಾರದ ತೊಂದರೆಗಳು ಬೆಂಗಳೂರಿನಲ್ಲಿ ಕೂತು ಅಮೆರಿಕದ ತಂಡದೊಂದಿಗೆ ಕೆಲಸ ಮಾಡುವವರಿಗೆ ತೀರಾ ಪರಿಚಿತ. ಟೆಸ್ಟ್ "ಇವತ್ತಿನ ದಿನಾಂಕ"ವನ್ನು ಸ್ಥಳೀಯ ಸಮಯದಿಂದ ತೆಗೆದುಕೊಳ್ಳುತ್ತದೆ, ಸರ್ವರ್ ಜಾಗತಿಕ ಮಾನಕ ಸಮಯವಾದ ಯುಟಿಸಿಯಲ್ಲಿ ಉತ್ತರಿಸುತ್ತದೆ. ನಮ್ಮ ಸಮಯ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದೆ. ಹಾಗಾಗಿ ಇಲ್ಲಿ ಆ ಟೆಸ್ಟ್ ಫೇಲ್ ಆಗುವುದು ಮಧ್ಯರಾತ್ರಿಯಿಂದ ಬೆಳಗಿನ 5.30ರವರೆಗೆ ಮಾತ್ರ, ರಾತ್ರಿಯ ಬಿಲ್ಡ್ ಓಡುವುದೂ ಸರಿಯಾಗಿ ಆಗಲೇ. ಬೆಳಿಗ್ಗೆ ಹತ್ತಕ್ಕೆ ಬಂದು ಕೈಯಾರೆ ಓಡಿಸಿದರೆ ಪಾಸ್. ಅದೇ ಟೆಸ್ಟ್ ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಯ ಸಮಯದಲ್ಲಿ ಸಂಜೆ 5ರ ನಂತರ ಫೇಲ್ ಆಗುತ್ತದೆ, ಅಷ್ಟೊತ್ತಿಗೆ ಅಲ್ಲಿನವರು ಮನೆಗೆ ಹೊರಟಿರುತ್ತಾರೆ. ಎರಡೂ ಕಡೆಯವರು ಪ್ರಾಮಾಣಿಕವಾಗಿಯೇ "ನಮ್ಮಲ್ಲಿ ಸರಿ ಇದೆ" ಅನ್ನುತ್ತಾರೆ. ನಮ್ಮಲ್ಲಿ ಗಡಿಯಾರ ಹಿಂದೆಮುಂದೆ ಮಾಡುವ ಪದ್ಧತಿಯಿಲ್ಲದ ಕಾರಣ ಇನ್ನೊಂದನ್ನು ಮರೆಯುತ್ತೇವೆ: ಅಮೆರಿಕದ ಹೆಚ್ಚಿನ ಭಾಗದಲ್ಲಿ ಮಾರ್ಚ್‌ನ ಎರಡನೇ ಭಾನುವಾರಕ್ಕೆ 23 ಗಂಟೆ, ನವೆಂಬರ್‌ನ ಮೊದಲ ಭಾನುವಾರಕ್ಕೆ 25 ಗಂಟೆ. "ನಾಳೆ ಅಂದರೆ ಈಗಿನಿಂದ 24 ಗಂಟೆ" ಎಂದು ಬರೆದ ಕೋಡ್ ವರ್ಷಕ್ಕೆ ಎರಡು ಸಲ ತಪ್ಪುತ್ತದೆ. ಇದಕ್ಕೆ ಉಪಾಯ, ಕೋಡು ನೇರವಾಗಿ ಯಂತ್ರದ ಗಡಿಯಾರವನ್ನು ಕೇಳದಂತೆ ಮಾಡುವುದು. ಗಡಿಯಾರವನ್ನು ಹೊರಗಿನಿಂದ ಕೊಡುವ ವಸ್ತುವಾಗಿಸಿದರೆ ಟೆಸ್ಟಿನಲ್ಲಿ ನಕಲಿ ಗಡಿಯಾರ ಕೊಟ್ಟು ಮಧ್ಯರಾತ್ರಿಯನ್ನೂ ಫೆಬ್ರುವರಿ 29ನ್ನೂ ಯಾವ ಹೊತ್ತಿನಲ್ಲಾದರೂ ಕರೆತರಬಹುದು.

ಫ್ಲೇಕಿ ಟೆಸ್ಟ್ ಸಿಕ್ಕಿದ ಮೇಲೆ ನಡೆಸಬೇಕಾದ ಕೆಲಸಕ್ಕೆ ಒಂದು ಶಿಸ್ತು ಬೇಕು. ಮೊದಲು ಅದನ್ನು ಕ್ವಾರಂಟೈನ್‌ಗೆ ಹಾಕಿ: ಓಡುತ್ತಲೇ ಇರಲಿ, ಆದರೆ ಯಾರ ಬದಲಾವಣೆಯನ್ನೂ ತಡೆಯದಿರಲಿ. ಅದೇ ಕ್ಷಣ ಟಿಕೆಟ್ (ಮಾಡಬೇಕಾದ ಕೆಲಸದ ದಾಖಲೆ) ತೆರೆದು ಒಬ್ಬ ವ್ಯಕ್ತಿಯ ಹೆಸರು ಬರೆಯಿರಿ, ತಂಡದ ಹೆಸರಲ್ಲ. ಗಡುವು ಎರಡು ವಾರ ಸಾಕು. ಮರುಸೃಷ್ಟಿ ಮಾಡಲು ಅದೇ ಟೆಸ್ಟಿನ 50 ಪ್ರತಿಗಳನ್ನು ಒಂದೇ ಯಂತ್ರದಲ್ಲಿ ಒಟ್ಟಿಗೆ ಓಡಿಸಿ, ಸಿಪಿಯು ಕೋರ್ ಒಂದಕ್ಕೆ ಇಳಿಸಿ, ನೆಟ್‌ವರ್ಕಿಗೆ 200 ಮಿಲಿಸೆಕೆಂಡ್ ತಡ ಸೇರಿಸಿ. ಕಾಯುವಿಕೆಯ ತಪ್ಪುಗಳಲ್ಲಿ ಬಹುಪಾಲು ಇಷ್ಟಕ್ಕೇ ಹೊರಬೀಳುತ್ತವೆ. ಸರಿಪಡಿಸಿದ ಮೇಲೆ ಒಂದೆರಡು ಸಲ ಪಾಸ್ ಆದದ್ದನ್ನು ಕಂಡು ಟಿಕೆಟ್ ಮುಚ್ಚುವುದು ಎಲ್ಲೆಡೆ ನಡೆಯುವ ತಪ್ಪು. ನೂರಕ್ಕೊಂದು ಸಲ ಫೇಲ್ ಆಗುತ್ತಿದ್ದ ಟೆಸ್ಟ್ ನಿಜಕ್ಕೂ ಸರಿಹೋಗಿದೆ ಎಂದು ಶೇ 95 ಭರವಸೆಯಿಂದ ಹೇಳಲು ಒಂದೂ ಫೇಲ್ ಇಲ್ಲದೆ ಸುಮಾರು 300 ಸಲ ಓಡಬೇಕು; 0.99ರ 300ನೇ ಘಾತ 0.05ರ ಹತ್ತಿರ ಬರುತ್ತದೆ. ಬೇಝಲ್ ಎಂಬ ಬಿಲ್ಡ್ ಉಪಕರಣ ಬಳಸುವವರಿಗೆ ರನ್ಸ್ ಪರ್ ಟೆಸ್ಟ್ ಎಂಬ ಆಯ್ಕೆ ಇದಕ್ಕೆಂದೇ ಇದೆ. ಗಡುವು ಮೀರಿದರೂ ಯಾರೂ ಮುಟ್ಟದಿದ್ದರೆ ಟೆಸ್ಟನ್ನು ಅಳಿಸಿ, ಏನನ್ನು ಈಗ ಯಾವ ಟೆಸ್ಟೂ ಪರೀಕ್ಷಿಸುತ್ತಿಲ್ಲ ಎಂಬುದನ್ನು ಟಿಕೆಟ್‌ನಲ್ಲಿ ಒಂದು ಸಾಲು ಬರೆಯಿರಿ. ಅಳಿಸುವುದಕ್ಕೆ ಅನೇಕರ ಕೈ ನಡುಗುತ್ತದೆ. ನನಗೆ ಮಾತ್ರ ಕ್ವಾರಂಟೈನ್‌ನಲ್ಲಿ ವರ್ಷ ಕಳೆದ ಟೆಸ್ಟಿಗಿಂತ ಆ ಒಂದು ಸಾಲು ಪ್ರಾಮಾಣಿಕ ಎನ್ನಿಸುತ್ತದೆ.

ಯಾವ ಬದಲಾವಣೆಯಿಂದ ತಪ್ಪು ಬಂತೆಂದು ಹುಡುಕುವ ಬೈಸೆಕ್ಟ್ ಕೂಡ ಇಲ್ಲೇ ಎಡವುತ್ತದೆ. 1000 ಕಮಿಟ್‌ಗಳ (ಕೋಡಿಗೆ ಸೇರಿದ ಬದಲಾವಣೆಗಳ) ನಡುವೆ ಅರ್ಧರ್ಧ ಮಾಡುತ್ತ ಹೋದರೆ 10 ಹೆಜ್ಜೆಗೆ ಸಿಗಬೇಕು. ಆದರೆ ದೋಷ ಹತ್ತಕ್ಕೊಂದು ಸಲ ಮಾತ್ರ ಕಾಣುವುದಾದರೆ ಒಂದು ಹೆಜ್ಜೆಯಲ್ಲಿ ಒಮ್ಮೆ ಪಾಸ್ ಆದದ್ದಕ್ಕೆ ಅರ್ಥವಿಲ್ಲ. "ಇಲ್ಲಿ ದೋಷವಿಲ್ಲ" ಎಂದು ಶೇ 99 ನಿಶ್ಚಯವಾಗಿ ಹೇಳಲು ಪ್ರತಿ ಹೆಜ್ಜೆಯಲ್ಲೂ 44 ಸಲ ಓಡಿಸಬೇಕು. ಒಂದು ಹೆಜ್ಜೆ ತಪ್ಪಿದರೆ ಉಳಿದ ಹೆಜ್ಜೆಗಳೆಲ್ಲ ಏನೂ ಅರಿಯದ ಸಹೋದ್ಯೋಗಿಯ ಕಮಿಟ್‌ನತ್ತ ಕರೆದೊಯ್ಯುತ್ತವೆ. ತಂಡಗಳ ನಡುವಿನ ಮನಸ್ತಾಪಗಳು ಎಷ್ಟೋ ಸಲ ಇಂಥ ಕಡೆಯೇ ಹುಟ್ಟುತ್ತವೆ.

ಟೆಸ್ಟ್ ದೊಡ್ಡದಾದಷ್ಟೂ ಫ್ಲೇಕಿ ಆಗುವ ಸಂಭವ ಹೆಚ್ಚು. ಅದಕ್ಕೇ ಗೂಗಲ್‌ನಲ್ಲಿ ಟೆಸ್ಟುಗಳಿಗೆ ಅಳತೆ ನಿಗದಿ ಮಾಡಿದ್ದಾರೆ. ಚಿಕ್ಕದು ಅಂದರೆ ಒಂದೇ ಪ್ರೊಸೆಸ್, ನೆಟ್‌ವರ್ಕ್ ಇಲ್ಲ, ಡಿಸ್ಕ್ ಇಲ್ಲ, ಸ್ಲೀಪ್ ಇಲ್ಲ, 60 ಸೆಕೆಂಡ್ ಮಿತಿ, ಮಧ್ಯಮ ಅಂದರೆ ಒಂದೇ ಯಂತ್ರದೊಳಗೆ, 300 ಸೆಕೆಂಡ್, ದೊಡ್ಡದಕ್ಕೆ 900. ಹೊಸ ಟೆಸ್ಟ್ ಬರೆಯುವ ಮೊದಲು ಇದನ್ನೇ ಇದಕ್ಕಿಂತ ಒಂದು ಅಳತೆ ಕೆಳಗೆ ಬರೆಯಲು ಬರುತ್ತದೆಯೇ ಎಂದು ಕೇಳಿಕೊಳ್ಳುವ ಅಭ್ಯಾಸ ಉಪಯೋಗಕ್ಕೆ ಬರುತ್ತದೆ. ಬ್ರೌಸರ್ ತೆರೆದು ತೆರಿಗೆ ಲೆಕ್ಕ ಸರಿಯಿದೆಯೇ ಎಂದು ನೋಡುವ ಟೆಸ್ಟುಗಳು ಇವತ್ತಿಗೂ ರಾಶಿ ರಾಶಿ ಇವೆ. ಆ ಲೆಕ್ಕ ಒಂದು ಫಂಕ್ಷನ್, ಅದಕ್ಕೆ ಬ್ರೌಸರ್ ಬೇಕಿಲ್ಲ.

ಇಷ್ಟು ಕೆಂಪಿನ ಮಾತಾಯಿತು. ಹಸಿರು ಸುಳ್ಳು ಹೇಳುವುದು ಇನ್ನೂ ಅಪಾಯ, ಯಾಕೆಂದರೆ ಅದರ ಬಗ್ಗೆ ಯಾರೂ ದೂರುವುದಿಲ್ಲ. ಪರಿಶೀಲನೆಯ ಸಾಲೇ ಇಲ್ಲದ ಟೆಸ್ಟ್ ಸದಾ ಹಸಿರು. ತಪ್ಪನ್ನು ಕ್ಯಾಚ್ ಮಾಡಿ ಲಾಗಿಗೆ ಬರೆದು ಸುಮ್ಮನಾಗುವ ಟೆಸ್ಟ್ ಸದಾ ಹಸಿರು. ಸರ್ವರ್ ಖಾಲಿ ಪಟ್ಟಿ ಕಳಿಸಿದಾಗ "ಪಟ್ಟಿಯ ಪ್ರತಿಯೊಂದೂ ಸರಿಯಿರಬೇಕು" ಎಂಬ ಲೂಪ್ ಒಂದು ಸಲವೂ ಸುತ್ತದೆ ಪಾಸ್ ಆಗುತ್ತದೆ. ಇವೆಲ್ಲ ಕವರೇಜ್ ವರದಿಯಲ್ಲಿ ಶೇ 90 ಎಂದೇ ಕಾಣುತ್ತವೆ; ಆ ವರದಿ ಹೇಳುವುದು ಸಾಲು ಓಡಿತು ಎಂದಷ್ಟೇ, ಅದರ ಫಲಿತಾಂಶವನ್ನು ಯಾರಾದರೂ ನೋಡಿದರು ಎಂದಲ್ಲ. ಇದಕ್ಕೆ ಕೈಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಟೆಸ್ಟನ್ನು ಮರ್ಜ್ ಮಾಡುವ (ಎಲ್ಲರ ಕೋಡಿಗೆ ಸೇರಿಸುವ) ಮೊದಲು ಅದು ಪರೀಕ್ಷಿಸುತ್ತಿರುವ ಕೋಡಿನ ಸಾಲನ್ನು ಬೇಕೆಂದೇ ಕೆಡಿಸಿ: ಹೆಚ್ಚು ಎಂಬಲ್ಲಿ ಕಡಿಮೆ ಬರೆಯಿರಿ, ಕೂಡುವಲ್ಲಿ ಕಳೆಯಿರಿ. ಟೆಸ್ಟ್ ಕೆಂಪಾಗದಿದ್ದರೆ ಅದು ಇನ್ನೂ ಟೆಸ್ಟ್ ಆಗಿಲ್ಲ. ಇದನ್ನೇ ಯಂತ್ರದಿಂದ ಮಾಡಿಸಿದರೆ ಮ್ಯೂಟೇಶನ್ ಟೆಸ್ಟಿಂಗ್. ಇಡೀ ಕೋಡಿಗೆ ಅದನ್ನು ಓಡಿಸಲು ಹೊರಟರೆ ಮುಗಿಯುವುದಿಲ್ಲ. ಬದಲಾದ ಸಾಲುಗಳಿಗಷ್ಟೇ, ಕೋಡ್ ರಿವ್ಯೂ ಹೊತ್ತಿನಲ್ಲಿ ಓಡಿಸಿದರೆ ಹೊರೆಯಾಗದು.

ಹಸಿರು ಹೇಗೆ ದಾರಿ ತಪ್ಪಿಸುತ್ತದೆ ಎಂಬುದಕ್ಕೆ 2024ರ ಜುಲೈ 19ಕ್ಕಿಂತ ದೊಡ್ಡ ಪಾಠ ಈಚಿನ ವರ್ಷಗಳಲ್ಲಿ ಇಲ್ಲ. ಭಾರತದ ಸಮಯ ಬೆಳಿಗ್ಗೆ 9.39ಕ್ಕೆ ಕ್ರೌಡ್‌ಸ್ಟ್ರೈಕ್ ತನ್ನ ಭದ್ರತಾ ತಂತ್ರಾಂಶಕ್ಕೆ ಒಂದು ಕಾನ್ಫಿಗರೇಶನ್ ಫೈಲ್ ಕಳಿಸಿತು. 78 ನಿಮಿಷದಲ್ಲಿ ಹಿಂತೆಗೆದುಕೊಂಡಿತು. ಅಷ್ಟರೊಳಗೆ, ಮೈಕ್ರೋಸಾಫ್ಟ್ ಅಂದಾಜಿನಂತೆ, 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದಿದ್ದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟದ್ದು ಅವತ್ತೇ. ಕಂಪನಿಯೇ ಪ್ರಕಟಿಸಿದ ಮೂಲಕಾರಣದ ವರದಿಯನ್ನು ಟೆಸ್ಟ್ ಎಂಜಿನಿಯರುಗಳೆಲ್ಲ ಓದಬೇಕು. ಆ ಫೈಲಿನ ಮಾದರಿಯಲ್ಲಿ 21 ಫೀಲ್ಡ್‌ಗಳಿದ್ದವು (ಮಾಹಿತಿ ತುಂಬುವ ಜಾಗಗಳು). ಅದನ್ನು ಓದುವ ಕೋಡಿಗೆ ಪೂರೈಕೆಯಾಗುತ್ತಿದ್ದದ್ದು 20 ಮಾತ್ರ. ಈ ವ್ಯತ್ಯಾಸ ತಿಂಗಳುಗಟ್ಟಲೆ ಯಾಕೆ ಸಿಗಲಿಲ್ಲ? ಟೆಸ್ಟುಗಳಲ್ಲೂ ಮೊದಲು ಕಳಿಸಿದ ಫೈಲುಗಳಲ್ಲೂ 21ನೇ ಫೀಲ್ಡಿಗೆ ಹಾಕಿದ್ದು "ಏನಿದ್ದರೂ ಸರಿ" ಎಂಬ ವೈಲ್ಡ್‌ಕಾರ್ಡ್. ಏನಿದ್ದರೂ ಸರಿ ಎಂದಮೇಲೆ ಆ ಜಾಗದಲ್ಲಿ ಏನಿದೆಯೆಂದು ಕೋಡ್ ನೋಡುವ ಅಗತ್ಯವೇ ಬೀಳಲಿಲ್ಲ. ಜುಲೈ 19ರ ಫೈಲಿನಲ್ಲಿ ಮೊದಲ ಬಾರಿಗೆ ಅಲ್ಲೊಂದು ನಿರ್ದಿಷ್ಟ ಮೌಲ್ಯ ಇತ್ತು, ಕೋಡ್ ಇಲ್ಲದ ಜಾಗವನ್ನು ಓದಹೋಗಿ ಕುಸಿಯಿತು. ಫೈಲನ್ನು ಪರೀಕ್ಷಿಸುವ ವ್ಯಾಲಿಡೇಟರ್ ಕೂಡ 21 ಬರುತ್ತವೆ ಎಂದೇ ನಂಬಿತ್ತು. ಮೇಲಾಗಿ ಇಂಥ ಫೈಲುಗಳನ್ನು ಹಂತಹಂತವಾಗಿ ಹಂಚುವ ಪದ್ಧತಿ ಇರಲಿಲ್ಲ.

ಇದರಿಂದ ಕೆಲಸಕ್ಕೆ ಬರುವ ನಿಯಮ ನೇರವಾದದ್ದು. ಟೆಸ್ಟ್ ಡೇಟಾದಲ್ಲಿ ವೈಲ್ಡ್‌ಕಾರ್ಡ್, ಖಾಲಿ, ಸೊನ್ನೆ, ಡಿಫಾಲ್ಟ್ ಎಲ್ಲಿವೆ ಎಂದು ಹುಡುಕಿ, ಪ್ರತಿ ಫೀಲ್ಡಿಗೂ ಒಮ್ಮೆಯಾದರೂ ಅದಕ್ಕಷ್ಟೇ ವಿಶಿಷ್ಟವಾದ ಮೌಲ್ಯ ಕೊಡಿ. ಹೆಸರಿನ ಜಾಗಕ್ಕೂ ಊರಿನ ಜಾಗಕ್ಕೂ "ಟೆಸ್ಟ್" ಎಂದೇ ತುಂಬಿದರೆ ಎರಡು ಅದಲುಬದಲಾದರೂ ಹಸಿರೇ. ಎಲ್ಲ ಸಂಯೋಜನೆಗಳನ್ನೂ ನೋಡಲು ಸಮಯವಿಲ್ಲ ಎನ್ನುವುದು ನಿಜ, ಆದರೆ ಜೋಡಿ ಜೋಡಿಯಾಗಿ ನೋಡಲು ಇದೆ: ತಲಾ ಮೂರು ಮೌಲ್ಯದ ನಾಲ್ಕು ಸೆಟ್ಟಿಂಗ್ ಇದ್ದರೆ ಒಟ್ಟು 81 ಸಂಯೋಜನೆ, ಯಾವುದೇ ಎರಡು ಸೆಟ್ಟಿಂಗಿನ ಎಲ್ಲ ಜೋಡಿಗಳನ್ನೂ ಮುಟ್ಟಲು 9 ಸಾಕು.

ಡೇಟಾದ ಮಾತು ಬಂದಮೇಲೆ ಕನ್ನಡದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಕನ್ನಡ ಬಲ್ಲ ಟೆಸ್ಟ್ ಎಂಜಿನಿಯರ್ ಸಾವಿರಗಟ್ಟಲೆ ಇದ್ದಾರೆ, ಆದರೆ ಟೆಸ್ಟ್ ಡೇಟಾದಲ್ಲಿ ಕನ್ನಡ ಕಾಣುವುದು ಅಪರೂಪ. "ಶ್ರೀ" ನಮ್ಮ ಕಣ್ಣಿಗೆ ಒಂದು ಅಕ್ಷರ. ಯುನಿಕೋಡ್‌ನಲ್ಲಿ ಅದು 4 ಕೋಡ್ ಪಾಯಿಂಟ್ (ಸಂಕೇತ ಸಂಖ್ಯೆ), ಅವನ್ನು ಶೇಖರಿಸುವ ಯುಟಿಎಫ್-8 ವಿಧಾನದಲ್ಲಿ 12 ಬೈಟ್. ಡೇಟಾಬೇಸ್ ಕಾಲಂ ಬೈಟ್ ಲೆಕ್ಕದಲ್ಲಿ 20 ಎಂದಿದ್ದರೆ ಇಂಗ್ಲಿಷಿನ 20 ಅಕ್ಷರ ಹಿಡಿಯುವ ಕಡೆ ಕನ್ನಡದ 6 ಕೋಡ್ ಪಾಯಿಂಟ್ ಹಿಡಿಯುತ್ತದೆ. "ಕೃಷ್ಣಮೂರ್ತಿ" ನಡುವೆಯೇ ಕತ್ತರಿಸಿಹೋಗುತ್ತದೆ. ಎಸ್ಸೆಮ್ಮೆಸ್‌ನಲ್ಲಿ ಒಂದು ಸಂದೇಶದ ಮಿತಿ ಇಂಗ್ಲಿಷಿಗೆ 160 ಅಕ್ಷರ, ಕನ್ನಡಕ್ಕೆ 70 ಕೋಡ್ ಪಾಯಿಂಟ್. ಅದನ್ನು ದಾಟಿದ ಒಟಿಪಿ ಸಂದೇಶ ಎರಡು ಭಾಗವಾಗಿ ಖರ್ಚು ದುಪ್ಪಟ್ಟಾಗುತ್ತದೆ.

ಹುಡುಕಾಟದಲ್ಲಿ ಇನ್ನೊಂದು ತೊಡಕಿದೆ. "ಕೇ" ಎಂಬುದನ್ನು ಕ ಮತ್ತು ಏತ್ವ ಎಂದೂ ಶೇಖರಿಸಬಹುದು, ಕ, ಎತ್ವ ಮತ್ತು ದೀರ್ಘದ ಚಿಹ್ನೆ ಎಂದು ಮೂರಾಗಿಯೂ ಶೇಖರಿಸಬಹುದು. ಪರದೆಯ ಮೇಲೆ ಎರಡೂ ಒಂದೇ. ನುಡಿ, ಬರಹ ತಂತ್ರಾಂಶಗಳ ಹಳೆಯ ಕಡತಗಳನ್ನು ಅವಸರದ ಪರಿವರ್ತಕದಲ್ಲಿ ಯುನಿಕೋಡಿಗೆ ತಂದಾಗ ಎರಡನೇ ರೂಪ ಉಳಿದುಬಿಡುವುದುಂಟು. ಆಮೇಲೆ "ಕೇಶವ" ಎಂದು ಹುಡುಕಿದರೆ ಕಣ್ಣೆದುರಿಗಿರುವ ಕೇಶವ ಸಿಗುವುದಿಲ್ಲ. ಒಳಬರುವ ಪಠ್ಯವನ್ನೆಲ್ಲ ಎನ್‌ಎಫ್‌ಸಿ ಎಂಬ ಒಂದೇ ಪ್ರಮಾಣಿತ ರೂಪಕ್ಕೆ ತರುತ್ತಿದ್ದಾರೆಯೇ ಎಂದು ನೋಡುವ ಟೆಸ್ಟ್ ನಾಲ್ಕು ಸಾಲಿನದು. ಭದ್ರತೆಯ ಹೆಸರಿನಲ್ಲಿ "ಕಾಣದ ಅಕ್ಷರ"ಗಳನ್ನು ಕಿತ್ತುಹಾಕುವ ಫಿಲ್ಟರ್‌ಗಳನ್ನೂ ನೋಡಿ: ಅವು ಶೂನ್ಯ ಅಗಲದ ಚಿಹ್ನೆಗಳನ್ನು ತೆಗೆದರೆ "ಸಾಫ್ಟ್‌ವೇರ್" ಹೋಗಿ "ಸಾಫ್ಟ್ವೇರ್" ಆಗುತ್ತದೆ, "ರ‍್ಯಾಂಕ್" ಹೋಗಿ "ರ್ಯಾಂಕ್" ಆಗುತ್ತದೆ. ಈ ಚಿಹ್ನೆಗಳನ್ನು ಹಗುರವಾಗಿ ಕಾಣುವವರಿಗೆ 2018ರ ಫೆಬ್ರುವರಿ ನೆನಪಿಸಬೇಕು. ನೆರೆಯ ತೆಲುಗಿನ ಒಂದು ಒತ್ತಕ್ಷರದ ಜೊತೆ ಅಂಥದೇ ಚಿಹ್ನೆ ಸೇರಿದ ಸಂದೇಶ ಬಂದರೆ ಐಫೋನ್‌ನ ಆ್ಯಪ್‌ಗಳು ಕುಸಿಯುತ್ತಿದ್ದವು; ಆ್ಯಪಲ್ ಅದೇ ತಿಂಗಳು 11.2.6 ಆವೃತ್ತಿ ಹೊರಡಿಸಿ ಸರಿಪಡಿಸಿತು.

ಬಹುವಚನದಲ್ಲೂ ಒಂದು ತಿರುವಿದೆ. ಅನುವಾದದ ಕಡತಗಳು ನೆಚ್ಚಿಕೊಳ್ಳುವ ಸಿಎಲ್‌ಡಿಆರ್ (ಭಾಷಾವಾರು ನಿಯಮಗಳ ಸಂಗ್ರಹ) ನಿಯಮದ ಪ್ರಕಾರ ಇಂಗ್ಲಿಷಿನಲ್ಲಿ ಸೊನ್ನೆ ಬಹುವಚನಕ್ಕೆ ಸೇರುತ್ತದೆ, ಕನ್ನಡದಲ್ಲಿ ಏಕವಚನದ ವರ್ಗಕ್ಕೆ. ಅನುವಾದಕರು ಏಕವಚನದ ಜಾಗದಲ್ಲಿ ಅಂಕಿ ಬರಬೇಕಾದ ಗುರುತನ್ನು ಕೈಬಿಟ್ಟು "ಒಂದು ಹೊಸ ಸಂದೇಶ" ಎಂದು ಬರೆದಿದ್ದರೆ, ಸಂದೇಶವೇ ಇಲ್ಲದಾಗಲೂ ಆ್ಯಪ್ "ಒಂದು ಹೊಸ ಸಂದೇಶ" ಎನ್ನುತ್ತದೆ. ಇಂಗ್ಲಿಷ್‌ನಲ್ಲಿ ಎಷ್ಟು ಟೆಸ್ಟ್ ಮಾಡಿದರೂ ಇದು ಸಿಗುವುದಿಲ್ಲ. ಹಾಗೆಯೇ "ಕೊನೆಯ ಹೆಸರು ಕಡ್ಡಾಯ" ಎಂಬ ಫಾರಂ: ತಂದೆಯ ಹೆಸರಿನ ಒಂದು ಇನಿಷಿಯಲ್, ಊರಿನ ಒಂದು ಇನಿಷಿಯಲ್ ಬಿಟ್ಟರೆ ಬೇರೆ ಸರ್‌ನೇಮ್ ಇಲ್ಲದವರು ನಮ್ಮ ಕಡೆ ಎಷ್ಟು ಮಂದಿ! "ಕನಿಷ್ಠ ಎರಡು ಅಕ್ಷರ ಬೇಕು" ಎಂಬ ತಪಾಸಣೆ ಅವರನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಈ ಊರಿನವರಾಗಿ ಈ ಊರಿನ ಹೆಸರುಗಳನ್ನು ಟೆಸ್ಟ್ ಡೇಟಾಕ್ಕೆ ಸೇರಿಸುವುದು ನಾವು ಮಾಡಲೇಬೇಕಾದ ಕೆಲಸ; ದೂರದ ಕಚೇರಿಯಲ್ಲಿ ಕೂತವರಿಗೆ ಇದು ಹೊಳೆಯಲಿ ಎಂದು ಕಾಯುವುದು ನ್ಯಾಯವಲ್ಲ.

ಬಗ್ ವರದಿಯ ಬಗ್ಗೆ ಸ್ವಲ್ಪ. ಬಿಲ್ಡ್ ಸಂಖ್ಯೆ, ಸಾಧನ, ಭಾಷೆಯ ಸೆಟ್ಟಿಂಗ್, ಹೆಜ್ಜೆಗಳು, ಆಗಬೇಕಾದದ್ದು, ಆದದ್ದು, ಯುಟಿಸಿ ಸಮಯದೊಂದಿಗೆ ಲಾಗ್, ಇವು ಇರಲೇಬೇಕು. ಎಲ್ಲಕ್ಕಿಂತ ಉಪಯುಕ್ತ ಸಾಲು "10 ಸಲಕ್ಕೆ 3 ಸಲ" ಎಂಬುದು. "ಕೆಲವೊಮ್ಮೆ ಆಗುತ್ತದೆ" ಎಂದು ಬರೆದರೆ ಡೆವಲಪರ್ ಒಮ್ಮೆ ಪ್ರಯತ್ನಿಸಿ, ಆಗದೆ, ಮುಚ್ಚುತ್ತಾರೆ. ಹತ್ತಕ್ಕೆ ಮೂರು ಎಂದು ತಿಳಿದರೆ ಎಷ್ಟು ಸಲ ನೋಡಬೇಕೆಂದು ಅವರಿಗೂ ಗೊತ್ತಾಗುತ್ತದೆ.

ಬಿಡುಗಡೆಯ ಹೊತ್ತಿಗೆ ಎಲ್ಲವೂ ಒಂದು ಸೈನ್‌ಆಫ್‌ಗೆ, ಅಂದರೆ ಬಿಡುಗಡೆಯ ಒಪ್ಪಿಗೆಗೆ, ಬಂದು ನಿಲ್ಲುತ್ತದೆ. ಆ್ಯಪ್ ಆದರೆ ಒಮ್ಮೆಗೇ ಎಲ್ಲರಿಗೂ ಹೋಗುವುದಿಲ್ಲ. ಆ್ಯಪಲ್‌ನ ಹಂತದ ಬಿಡುಗಡೆ 7 ದಿನಗಳಲ್ಲಿ ಶೇ 1, 2, 5, 10, 20, 50, 100 ಎಂದು ಏರುತ್ತದೆ; ಪ್ಲೇ ಸ್ಟೋರ್‌ನಲ್ಲಿ ಶೇಕಡಾವನ್ನು ನಾವೇ ಇಡುತ್ತೇವೆ. ಶೇ 1ರಲ್ಲಿ ಏನೂ ಆಗಲಿಲ್ಲ ಎಂದರೆ ಎಲ್ಲ ಸರಿ ಎಂದು ಓದಬಾರದು. 10 ಲಕ್ಷ ಬಳಕೆದಾರರಲ್ಲಿ ಶೇ 1 ಅಂದರೆ 10,000 ಜನ. ಹತ್ತು ಸಾವಿರಕ್ಕೊಬ್ಬರಿಗೆ ತಗಲುವ ಕ್ರ್ಯಾಶ್ ಇದ್ದರೆ ಆ ಹಂತದಲ್ಲಿ ಒಂದೂ ಕಾಣದಿರುವ ಸಾಧ್ಯತೆ ಶೇ 37. ಪೂರ್ತಿ ಹರಡಿದಾಗ ಅದು ಸುಮಾರು 100 ಜನರಿಗೆ ತಗಲುತ್ತದೆ. ಬೇಗ ಅಪ್‌ಡೇಟ್ ಮಾಡಿಕೊಳ್ಳುವವರಲ್ಲಿ ವೈ-ಫೈ, ಹೊಸ ಫೋನ್ ಇರುವವರೇ ಹೆಚ್ಚು, ಹಳೆಯ 2 ಜಿಬಿ ಫೋನಿನ ತೊಂದರೆ ತಡವಾಗಿ ಬರುತ್ತದೆ. ಪ್ಲೇ ಸ್ಟೋರ್‌ನಲ್ಲಿ ಬಿಡುಗಡೆ ನಿಲ್ಲಿಸಿದರೂ ಆಗಲೇ ಪಡೆದವರ ಫೋನಿನಿಂದ ಅದು ಹಿಂದೆ ಬರುವುದಿಲ್ಲ. ಹೆಚ್ಚಿನ ಸಂಖ್ಯೆಯ ಇನ್ನೊಂದು ಆವೃತ್ತಿಯನ್ನೇ ಕಳಿಸಬೇಕು.

ಆದ್ದರಿಂದ ಸೈನ್‌ಆಫ್ ಪತ್ರದಲ್ಲಿ "4,212 ಪಾಸ್, 0 ಫೇಲ್" ಎಂದು ಬರೆದು ಕಳಿಸುವುದು ಸಾಲದು. ಏನು ನೋಡಿದೆವು, ಏನು ಸಿಕ್ಕಿತು ಎಂಬುದರ ಕೆಳಗೆ ಏನು ನೋಡಲಾಗಲಿಲ್ಲ ಎಂಬ ಮೂರನೇ ಭಾಗ ಇರಬೇಕು, ಅದು ಮೊದಲೆರಡರಷ್ಟೇ ಸ್ಪಷ್ಟವಾಗಿರಬೇಕು. ಉದಾಹರಣೆಗೆ ಹೀಗೆ: ಪಾವತಿ ಪರದೆಯ ಕನ್ನಡ ಅನುವಾದ ಗುರುವಾರ ಸಂಜೆ ಬಂತು, ಕನ್ನಡದಲ್ಲಿ ನೋಡಿಲ್ಲ. ಕ್ವಾರಂಟೈನ್‌ನಲ್ಲಿರುವ ಆರು ಟೆಸ್ಟುಗಳಲ್ಲಿ ಎರಡು ಹಣ ಮರುಪಾವತಿಗೆ ಸೇರಿದವು. ಆ ಹಾದಿಯನ್ನು ಕೈಯಾರೆ ಒಮ್ಮೆ ಮಾತ್ರ ನೋಡಲಾಗಿದೆ. ಶೇ 5ಕ್ಕೆ ಏರಿಸುವ ಮೊದಲು ಕನ್ನಡ ಬಳಕೆದಾರರ ಕ್ರ್ಯಾಶ್ ದರವನ್ನೂ ವಿಫಲವಾದ ಮರುಪಾವತಿಗಳ ಸಂಖ್ಯೆಯನ್ನೂ ಬೇರೆಯಾಗಿ ತೆಗೆದು ನೋಡಬೇಕು. ನೋಡುವವರ ಹೆಸರು ಕೆಳಗಿದೆ.